ಬಿಟ್ಟುಬಿಟ್ಟ ಒಂಬತ್ತು ಚುಕ್ಕೆಗಳು

ಮೂರನೆಯ ಮಹಡಿಯ ಕಾರಿಡಾರಿಗೆ ತಿರುಗುವ ಮುಂಚೆಯೇ ಆ ಸದ್ದು ಕಿವಿಗೆ ಬಿತ್ತು. ಒಣಕಡ್ಡಿಗಳನ್ನು ಒಂದರ ಹಿಂದೊಂದು ಮುರಿಯುತ್ತಿರುವಂತೆ, ಸೆಕೆಂಡಿಗೆ ಹತ್ತು ಸಲ, ಚೂರೂ ಆಚೀಚೆಯಾಗದೆ. ಹೊಸ ಹುಡುಗಿ ಆಗಲೇ ಬಂದು ಲೇಸರ್ ಹಚ್ಚಿದ್ದಾಳೆ. ಪ್ರಯೋಗಾಲಯದ ಹಿರಿಯಳಾದ ಅವಳು ಮೆಟ್ಟಿಲಿನ ತುದಿಯಲ್ಲಿ, ಕೈಚೀಲವನ್ನು ಎದೆಗವುಚಿಕೊಂಡು, ಹಾಗೇ ನಿಂತು ಕೇಳಿಸಿಕೊಂಡಳು. ತನ್ನ ಕಾಲದ ಲೇಸರಿಗೆ ಇಂಥ ದನಿ ಇರಲಿಲ್ಲ. ಅದು ಕೆಮ್ಮುತ್ತಿತ್ತು, ನಡುವೆ ಒಂದೊಂದು ಏಟು ನುಂಗುತ್ತಿತ್ತು, ವಾರಕ್ಕೊಮ್ಮೆ ಅದರ ಹೊಟ್ಟೆಯ ಅನಿಲ ಬದಲಿಸದಿದ್ದರೆ ಮುನಿಸಿಕೊಂಡು ಮಂಕಾಗುತ್ತಿತ್ತು. ಈಗ ಅದು ಕಾರಿಡಾರಿನ ಕೊನೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಕೂತಿದೆ; ಮೇಲೆ ಯಾರೋ ಮುರಿದ ಫ್ಯಾನು ಇಟ್ಟಿದ್ದಾರೆ. ಟಪ ಟಪ ಟಪ. ಒಂದಾದರೂ ಏಟು ತಪ್ಪಲಿ ಎಂದು ಕಾಯುತ್ತಾ ನಿಂತಿದ್ದೇನೆ ಎಂಬುದು ಅವಳಿಗೆ ಹೊಳೆದದ್ದು ಅದು ಎಷ್ಟು ಹೊತ್ತಾದರೂ ತಪ್ಪದೇ ಇದ್ದಾಗ.

ಬೆಳಿಗ್ಗೆ ಗಂಡ ಅದನ್ನೇ ಬೇರೆ ರೀತಿ ಹೇಳಿದ್ದ. ಹಲ್ಲಿನ ಡಾಕ್ಟರು ಅವನು; ಕನ್ನಡಿಯ ಮುಂದೆ ನಿಂತವಳ ದವಡೆಯನ್ನು ಪಕ್ಕದಿಂದ ನೋಡಿ, "ರಾತ್ರಿಯೆಲ್ಲಾ ಹಲ್ಲು ಕಡೀತಾ ಇದ್ದೆ. ಹಿಂದಿನ ಎರಡೂ ಸವೆದುಹೋಗತ್ತೆ ನೋಡು," ಎಂದ.

"ನಾನೆಲ್ಲಿ ಕಡೀತೀನಿ?"

"ಇವತ್ತು ನಿಮ್ಮ ಮೇಷ್ಟ್ರು ಬರ್ತಾರಲ್ವಾ?"

"ನಿಮಗೆ ಹೇಗೆ ಗೊತ್ತು?"

"ನೀನೇ ನಿನ್ನೆಯಿಂದ ನಾಲ್ಕು ಸಲ ಹೇಳಿದ್ದೀಯ. ನಾಲ್ಕು ಸಲಾನೂ, ಬಂದ್ರೆ ನನಗೇನು ಅಂತಾನೂ ಹೇಳಿದೆ."

ನಗಬಹುದಿತ್ತು. ನಗಲಿಲ್ಲ. ಮೇಷ್ಟ್ರು ಬರುವುದು ಅವಳು ಕರೆದಿದ್ದಕ್ಕಲ್ಲ, ಹುಡುಗಿ ಕರೆದಿದ್ದಕ್ಕೆ. ನಿವೃತ್ತಿಯಾಗಿ ಎಂಟು ವರ್ಷ, ಮಂಡಿನೋವು; ಸಭೆ, ಸನ್ಮಾನ ಯಾವುದಕ್ಕೂ ಮನೆಯಿಂದ ಹೊರಬರದ ಮನುಷ್ಯ. ಕಳೆದ ವರ್ಷ ತನ್ನ ಹೆಸರಿಗೆ ಪ್ರಶಸ್ತಿ ಬಂದಾಗ ಫೋನಿನಲ್ಲಿ, "ಬಹಳ ಸಂತೋಷ ಕಣಮ್ಮಾ, ಮೆಟ್ಟಿಲು ಹತ್ತಕ್ಕಾಗಲ್ಲ," ಎಂದಿದ್ದರು. ಈಗ ಮೂರು ಮಹಡಿ ಹತ್ತಿ ಬರುತ್ತಾರೆ. ಹುಡುಗಿಯ ಗ್ರಾಫಿನ ಒಂದು ಗೆರೆ ನೋಡುವುದಕ್ಕೆ.

ಕೆಲಸ ಹೇಳುವುದಕ್ಕೆ ಸುಲಭ. ಗಾಜಿನ ಕೋಶದೊಳಗೆ ತೆಳ್ಳಗೆ ಅನಿಲ ಹರಿಯುತ್ತಿರುತ್ತದೆ. ಮೊದಲನೆಯ ಲೇಸರಿನ ಒಂದು ಮಿಂಚು, ಕಣ್ಣಿಗೆ ಕಾಣದ ನೇರಳಾತೀತ ಮಿಂಚು, ಅದರಲ್ಲಿ ಬೆರೆತ ಪೆರಾಕ್ಸೈಡ್ ಆವಿಯ ಅಣುಗಳನ್ನು ಎರಡಾಗಿ ಸೀಳುತ್ತದೆ. ಹಾಗೆ ಹುಟ್ಟಿದ ಅರೆಯಣುಗಳು ಒಂಟಿಯಾಗಿ ಬಾಳಲಾರವು. ಸುತ್ತ ಇರುವ ಅನಿಲದ ಮೇಲೆ ಬಿದ್ದು, ಅದರಿಂದ ಒಂದು ಚೂರು ಕಿತ್ತುಕೊಂಡು, ಕಣ್ಣು ಮಿಟುಕಿಸುವ ಹೊತ್ತಿನ ನೂರನೇ ಒಂದು ಪಾಲಿನಲ್ಲಿ ಇಲ್ಲವಾಗುತ್ತವೆ. ಎರಡನೆಯ ಲೇಸರ್ ಸ್ವಲ್ಪ ತಡೆದು ಬಂದು, ಇನ್ನೆಷ್ಟು ಜನ ಉಳಿದಿದ್ದೀರಿ ಎಂದು ಕೇಳುತ್ತದೆ. ಉಳಿದವು ಮಿಣುಕಿ ಉತ್ತರ ಕೊಡುತ್ತವೆ. ತಡ ಹೆಚ್ಚಿದಷ್ಟೂ ಮಿಣುಕು ಕಡಿಮೆ. ಆ ಮಿಣುಕು ಕುಗ್ಗುವ ರಭಸವನ್ನು ಅಳೆದರೆ ಕ್ರಿಯೆಯ ವೇಗ ಸಿಗುತ್ತದೆ. ಹೊರಗಿನ ಗಾಳಿಯಲ್ಲೂ ನಡೆಯುವುದು ಇದೇ. ಬಣ್ಣ, ವಾರ್ನಿಶ್‌ಗಳಿಂದ ಆವಿಯಾಗಿ ಮೇಲೇರಿದ ದ್ರಾವಕವನ್ನು ಇದೇ ಅರೆಯಣುಗಳು ತಿಂದು ತೇಗುತ್ತವೆ. ಆ ದ್ರಾವಕ ಗಾಳಿಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಜಗತ್ತಿಗೆ ಮೊದಲು ಹೇಳಿದವಳು ಅವಳು. ಹತ್ತೊಂಬತ್ತು ವರ್ಷದ ಹಿಂದೆ, ಆ ಕೆಮ್ಮುವ ಲೇಸರಿನಿಂದ. ನಾಲ್ಕು ಪಾಯಿಂಟ್ ಆರು. ಹಿಂದೆ ಅಂಟಿಕೊಂಡಿರುವ ಸೊನ್ನೆಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕು ಪಾಯಿಂಟ್ ಆರು ಎಂದರೆ ಸಾಕು, ಈ ಕಸುಬಿನವರಿಗೆ ಅವಳ ಮುಖ ನೆನಪಾಗುತ್ತದೆ. ದೂರದೂರದ ಪರಿಚಯವಿಲ್ಲದ ಜನ ತಮ್ಮ ಕೋಷ್ಟಕಗಳಲ್ಲಿ ಅದನ್ನು ಇಟ್ಟುಕೊಂಡು ಗಾಳಿಯ ಲೆಕ್ಕ ಹಾಕಿದ್ದರು. ಮದುವೆಯಾದ ಹೊಸತರಲ್ಲಿ ಗಂಡ ಯಾರಿಗೋ ಪರಿಚಯ ಮಾಡಿಸುತ್ತಾ, "ನನ್ನ ಹೆಂಡತಿ, ನಾಲ್ಕು ಪಾಯಿಂಟ್ ಆರು," ಎಂದುಬಿಟ್ಟಿದ್ದ, ಕೇಳಿದವರು ಕನ್ನಡಕದ ನಂಬರು ಎಂದುಕೊಂಡಿದ್ದರು.

ಹುಡುಗಿಗೆ ಸಿಕ್ಕಿರುವುದು ಮೂರು ಪಾಯಿಂಟ್ ಒಂದು. ಕಳೆದ ತಿಂಗಳು ಕ್ಯಾಂಟೀನಿನಲ್ಲಿ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಹೇಳಿದ್ದಳು. "ಅಕ್ಕಾ, ಎಲ್ಲೋ ಎಡವಟ್ಟಾಗಿದೆ, ನಿಮ್ಮ ಅಂಕಿ ಬರ್ತಾನೇ ಇಲ್ಲ." ಎಡವಟ್ಟು ತನ್ನದೇ ಎಂಬ ಧಾಟಿಯಲ್ಲಿ. ಆ ವಿನಯವೇ ಅವಳಿಗೆ ಉರಿ ಹತ್ತಿಸಿತ್ತು. ನಾಲ್ಕು ಪಾಯಿಂಟ್ ಎರಡು ಎಂದಿದ್ದರೆ ಸಹಿಸಬಹುದಿತ್ತು. ಮೂರು ಪಾಯಿಂಟ್ ಒಂದು ಎಂದರೆ ಇಬ್ಬರಲ್ಲಿ ಒಬ್ಬರು ಏನನ್ನೋ ನೋಡಿಲ್ಲ ಎಂದು ಅರ್ಥ.

ಆದರೆ ಅಂಕಿಗಿಂತ ಮೊದಲೇ ಶುರುವಾಗಿತ್ತು ಅದು. ಹುಡುಗಿ ಸೇರಿದ ಎರಡನೆಯ ತಿಂಗಳು, ತನ್ನ ಮೊದಲ ಗ್ರಾಫುಗಳನ್ನು ಹಿಡಿದುಕೊಂಡು ಸೀದಾ ಮೇಷ್ಟ್ರ ಮನೆಗೆ ಹೋಗಿಬಿಟ್ಟಿದ್ದಳು, ಯಾರನ್ನೂ ಕೇಳದೆ. ಮರುದಿನ ಅದನ್ನು ನಗುನಗುತ್ತಾ ವರದಿ ಮಾಡಿದ್ದಳು. "ಏನು ಬೈಗುಳ ಅಕ್ಕಾ! ಇದೇನು ಗ್ರಾಫೋ, ಹುಚ್ಚು ಹಿಡಿದ ಇರುವೆ ಸಾಲೋ ಅಂದ್ರು. ಪೆನ್ಸಿಲ್ಲು ಹಿಡಿಯೋಕೆ ಯಾರು ಕಲಿಸಿದ್ದು ಅಂದ್ರು. ಕಾಗದ ಎತ್ತಿ ಬಿಸಾಕಿದ್ರು. ಆಮೇಲೆ ಅವರೇ ಬಗ್ಗಿ ಎತ್ಕೊಂಡ್ರು, ಪಾಪ, ಮಂಡಿ ಹಿಡ್ಕೊಂಡು." ಅದನ್ನು ಕೇಳಿ ಅವಳು ಮೊದಲು ಖುಷಿಪಟ್ಟಳು. ಒಳಗೊಳಗೇ, ಸಣ್ಣಗೆ, ಸಕ್ಕರೆ ಚೀಪುವ ಹಾಗೆ. ಮಧ್ಯಾಹ್ನದ ಹೊತ್ತಿಗೆ ಆ ಖುಷಿ ಹಳಸಿತು. ಆರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು ತಾನು, ಒಂದೇ ಒಂದು ಸಲ ಅವರು ದನಿ ಎತ್ತಿರಲಿಲ್ಲ. "ಚೆನ್ನಾಗಿದೆ ಕಣಮ್ಮಾ," ಎನ್ನುತ್ತಿದ್ದರು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಡುತ್ತಿದ್ದರು. ಜೊತೆಯವರೆಲ್ಲ ಬೈಸಿಕೊಂಡು ಕೆಂಪಗಾಗಿ ಹೊರಬರುವಾಗ ತಾನೊಬ್ಬಳೇ ನೆಟ್ಟಗೆ ಬರುತ್ತಿದ್ದದ್ದು ಎಷ್ಟು ಹೆಮ್ಮೆಯ ವಿಷಯವಾಗಿತ್ತು! ಹತ್ತೊಂಬತ್ತು ವರ್ಷ ಆ ಹೆಮ್ಮೆಯನ್ನು ಬೆಚ್ಚಗೆ ಇಟ್ಟುಕೊಂಡಿದ್ದಳು. ಈಗ ಈ ಹುಡುಗಿ ಬೈಗುಳವನ್ನು ಬಹುಮಾನದಂತೆ ಎತ್ತಿ ತೋರಿಸುತ್ತಾ ನಗುತ್ತಿರುವಾಗ, ಆ ಹೆಮ್ಮೆಯಲ್ಲಿ ಏನೋ ಕೊರತೆಯಿದೆ ಅನ್ನಿಸತೊಡಗಿತು. ತನ್ನ ಕಾಗದವನ್ನು ಅವರು ಯಾಕೆ ಒಮ್ಮೆಯೂ ಬಿಸಾಕಲಿಲ್ಲ?

ಸೋಮವಾರ ತಿರುಪು ಬಿಗಿಯುವ ಅಲೆನ್ ಕೀ ಕೇಳುವುದಕ್ಕೆಂದು ಹುಡುಗಿಯ ಕೋಣೆಗೆ ಹೋಗಿದ್ದಳು. ಕೋಣೆ ಖಾಲಿ, ಹುಡುಗಿ ದ್ರವ ಸಾರಜನಕ ತರಲು ಕೆಳಗೆ ಹೋಗಿದ್ದಳು. ಮೇಜಿನ ಪಕ್ಕದ ಸ್ಟ್ಯಾಂಡಿನಲ್ಲಿ ಹತ್ತು ಲೀಟರಿನ ಗಾಜಿನ ಗೋಳ. ಅದರೊಳಗೆ ದ್ರಾವಕದ ಆವಿಯನ್ನು ಅಳೆದು ತುಂಬಿ, ಮೇಲೆ ಸಾರಜನಕ ಬೆರೆಸಿ, ಆ ಮಿಶ್ರಣವನ್ನು ಕೋಶಕ್ಕೆ ಹರಿಸುವುದು ಕ್ರಮ. ಅಳತೆಯೆಲ್ಲ ಗೋಳದ ಕತ್ತಿಗೆ ಕೂಡಿಸಿದ ಒತ್ತಡದ ಮಾಪಕದ ಮೇಲೆ ನಿಂತಿರುತ್ತದೆ. ರಾತ್ರಿಯಿಡೀ ಪಂಪು ಎಳೆದಿತ್ತು; ಗೋಳದಲ್ಲಿ ಏನೆಂದರೆ ಏನೂ ಇರಲಿಲ್ಲ; ಮಾಪಕ ಸೊನ್ನೆ ತೋರಿಸಬೇಕು. ಸೊನ್ನೆ ಪಾಯಿಂಟ್ ಮೂರು ತೋರಿಸುತ್ತಿತ್ತು. ಅವಳ ಕಣ್ಣಿಗೆ ಅದು ಬಿದ್ದದ್ದು ಇಪ್ಪತ್ತೈದು ವರ್ಷದ ಅಭ್ಯಾಸಬಲದಿಂದ. ಮೂರು ತುಂಬಿದ್ದೇನೆ ಎಂದುಕೊಂಡಾಗ ಒಳಗಿರುವುದು ಎರಡು ಪಾಯಿಂಟ್ ಏಳು. ನೂರಕ್ಕೆ ಹತ್ತರಷ್ಟು ತಪ್ಪು. ಹುಡುಗಿಯ ಉತ್ತರ ಅಷ್ಟೇ ಪಾಲು ಕೆಳಗೆ ಇಳಿದಿರುತ್ತದೆ. ಹತ್ತು ಪಾಲು ಸೇರಿಸಿದರೂ ಮೂರು ಪಾಯಿಂಟ್ ಒಂದು ಮೂರು ಪಾಯಿಂಟ್ ನಾಲ್ಕು ಆದೀತೇ ಹೊರತು ನಾಲ್ಕು ಪಾಯಿಂಟ್ ಆರರ ಹತ್ತಿರವೂ ಸುಳಿಯುವುದಿಲ್ಲ ಎಂಬ ಲೆಕ್ಕ ಅವಳಿಗೆ ಬರುತ್ತಿರಲಿಲ್ಲವೇ? ಬಂತು. ಬಂದದ್ದನ್ನು ಆಚೆ ತಳ್ಳಿದಳು. ಇದನ್ನೇ ನೋಡದವಳು ಇನ್ನೇನೇನು ನೋಡಿಲ್ಲವೋ ಎಂದುಕೊಂಡಳು.

ಅಷ್ಟರಲ್ಲಿ ಹುಡುಗಿ ಹೊಗೆಯಾಡುವ ಪಾತ್ರೆ ಹಿಡಿದು ಒಳಗೆ ಬಂದಳು. "ಏನಕ್ಕಾ, ಏನಾದ್ರೂ ಬೇಕಿತ್ತಾ?"

"ಅಲೆನ್ ಕೀ."

"ತಗೊಳ್ಳಿ. ಇವತ್ತು ಹೊಸ ಮಿಶ್ರಣ ಮಾಡ್ತಿದ್ದೀನಿ. ಅಂಗಡಿಯಿಂದ ತಂದ ದ್ರಾವಕದಲ್ಲಿ ಕಸ ಇತ್ತಲ್ಲ, ಮೂರು ವಾರ ಕೂತು ನಾನೇ ಶುದ್ಧ ಮಾಡಿರೋದು. ಇಷ್ಟೇ ಇಷ್ಟಿದೆ." ಬೆರಳುಗಳಲ್ಲಿ ಒಂದು ನೆಲ್ಲಿಕಾಯಿಯಷ್ಟು ಅಳತೆ ತೋರಿಸಿದಳು.

ಒಂದು ಮಾತು. ಸೊನ್ನೆ ನೋಡ್ಕೋ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಅಲೆನ್ ಕೀ ತೆಗೆದುಕೊಂಡು ಬಂದಳು. ಮಂಗಳವಾರ, ಬುಧವಾರ, ಗುರುವಾರ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಹೇಳುವುದಿಲ್ಲ ಎಂದು ಎಂದೂ ನಿರ್ಧರಿಸಲಿಲ್ಲ. ನಾಳೆ ಹೇಳಿದರಾಯಿತು ಎಂದಷ್ಟೇ ಅಂದುಕೊಂಡಳು. ಬುಧವಾರದ ಹೊತ್ತಿಗೆ ಆ ನಾಳೆಗೆ ಒಂದು ಆಕಾರ ಬಂದಿತ್ತು: ಶುಕ್ರವಾರ, ಮೇಷ್ಟ್ರ ಎದುರಿಗೆ, ಮೃದುವಾಗಿ, ಹಿರಿಯಕ್ಕ ಹೇಳುವ ಹಾಗೆ.

ಹನ್ನೊಂದಕ್ಕೆ ಮೇಷ್ಟ್ರು ಬಂದರು. ಅವಳು ಗೇಟಿನವರೆಗೆ ಹೋಗಿ ನಿಂತಿದ್ದಳು. ಟ್ಯಾಕ್ಸಿಯಿಂದ ಒಂದು ಕಾಲು ಇಳಿಸಿ, ಕೋಲೂರಿ, ಇನ್ನೊಂದು ಇಳಿಸುವಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು. ಶರ್ಟಿನ ಮೇಲಿನ ಗುಂಡಿ ತಪ್ಪಾಗಿ ಹಾಕಿತ್ತು. ಸರಿಮಾಡಲೇ ಎಂದು ಕೈ ಮುಂದೆ ಬಂದು ಹಿಂದೆ ಹೋಯಿತು.

"ಓಹೋ, ನೀನೂ ಇದ್ದೀಯಾ," ಎಂದರು. "ಎಲ್ಲಿ ಆ ಕೋತಿ?"

ಕೋತಿ! ತನಗೆ ಅಡ್ಡಹೆಸರು ಇಟ್ಟಿರಲಿಲ್ಲ ಅವರು ಯಾವತ್ತೂ. "ಮೇಲಿದ್ದಾಳೆ ಸರ್. ಬನ್ನಿ, ಮೊದಲು ನನ್ನ ರೂಮಲ್ಲಿ ಸ್ವಲ್ಪ ಕೂತ್ಕೊಳ್ಳಿ." ಕೋಣೆಯನ್ನು ಬೆಳಿಗ್ಗೆಯೇ ಒರೆಸಿದ್ದಳು, ಕುರ್ಚಿಗೆ ದಿಂಬು ಹಾಕಿದ್ದಳು. ಮೇಷ್ಟ್ರು ಮೂರು ಮಹಡಿಯನ್ನೂ ಮೆಟ್ಟಿಲಿಗೊಂದು ಉಸಿರು ಬಿಡುತ್ತಾ ಹತ್ತಿ, ಅವಳ ಬಾಗಿಲ ಮುಂದೆ ಕ್ಷಣ ನಿಂತರು. ಬೋರ್ಡಿನ ಮೇಲಿನ ಅವಳ ಹೆಸರನ್ನೂ ಕೆಳಗಿನ ಪದವಿಗಳನ್ನೂ ಓದಿದರು. ಆಮೇಲೆ ಟಪ ಟಪ ಸದ್ದು ಬರುತ್ತಿದ್ದ ಕಡೆಗೆ ಕಿವಿಯೆತ್ತಿ, "ಎಷ್ಟು ಚೆನ್ನಾಗಿ ಓಡ್ತಿದೆ ನೋಡು," ಎನ್ನುತ್ತಾ ಮುಂದೆ ನಡೆದೇಬಿಟ್ಟರು. ದಿಂಬು ಅಲ್ಲೇ ಕೂತಿತ್ತು.

ಕತ್ತಲೆ ಮಾಡಿದ ಕೋಣೆ. ಹುಡುಗಿ ರಕ್ಷಣೆಯ ಕನ್ನಡಕಗಳನ್ನು ಕೊಟ್ಟಳು. ಮೇಷ್ಟ್ರಿಗೆ ತಾನೇ ಹಾಕಿ, ಕಿವಿಯ ಹಿಂದೆ ಸಿಕ್ಕಿಸಿ, ಹಾಗೇ ಅದೇ ಕೈಯಲ್ಲಿ ಶರ್ಟಿನ ಗುಂಡಿಯನ್ನೂ ಸರಿಮಾಡಿಬಿಟ್ಟಳು. ಪರದೆಯ ಮೇಲೆ ಹಸಿರು ಚುಕ್ಕೆಗಳು ಮೇಲಿನಿಂದ ಜಾರಿ, ಬಾಗಿ, ತಳಕ್ಕೆ ಬಂದು ಸೇರುತ್ತಿದ್ದವು. ಇಷ್ಟು ನಯವಾದ ಇಳಿಜಾರನ್ನು ಅವಳು ಕಂಡಿರಲಿಲ್ಲ. ತಾನು ಒಂದು ಇಡೀ ಮಧ್ಯಾಹ್ನ ಕೂತು ತೆಗೆಯುತ್ತಿದ್ದದ್ದು ಇಲ್ಲಿ ನಾಲ್ಕು ನಿಮಿಷಕ್ಕೆ ಮೂಡುತ್ತಿತ್ತು.

ಮೇಷ್ಟ್ರು ಪರದೆಗೆ ಮೂಗು ತಾಗಿಸಿದರು. "ಇದೇನಿದು, ಶುರುವಲ್ಲೇ ಸೊಟ್ಟ?"

"ಮೊದಲ ಐದು ಮೈಕ್ರೋಸೆಕೆಂಡು ಸರ್. ಮೊದಲನೇ ಲೇಸರಿನ ಬೆಳಕೇ ಸೇರ್ಕೊಂಡಿದೆ."

"ಗೊತ್ತಿದ್ದೂ ಯಾಕೆ ಇಟ್ಕೊಂಡಿದ್ದೀಯ? ನೆಂಟರಿಗೆ ತೋರಿಸೋಕಾ? ತೆಗಿ ಆಚೆ."

"ತೆಗೆದ್ರೂ ಉತ್ತರ ಬದಲಾಗಲ್ಲ ಸರ್. ನೋಡಿದ್ದೀನಿ."

"ಬದಲಾಗಲ್ಲ ಅಂತ ಕೊಳೆ ಇಟ್ಕೋತಾರಾ? ಸ್ನಾನ ಮಾಡಿದ್ರೂ ಮುಖ ಬದಲಾಗಲ್ಲ, ಮಾಡಲ್ವಾ ನೀನು?"

"ವಾರಕ್ಕೊಂದ್ಸಲ ಸರ್."

ಮೇಷ್ಟ್ರು ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಆ ನಗೆಯನ್ನು ಅವಳು ಕೇಳಿಯೇ ಇರಲಿಲ್ಲ; ಆರು ವರ್ಷದಲ್ಲಿ ಅವರು ತನ್ನೊಡನೆ ಮುಗುಳ್ನಕ್ಕಿದ್ದರು, ಅಷ್ಟೆ. ಕತ್ತಲಲ್ಲಿ, ಇಬ್ಬರ ಬೆನ್ನ ಹಿಂದೆ, ಯಾರಿಗೂ ಬೇಡದ ಮೂರನೆಯವಳಾಗಿ ನಿಂತು ಅವಳು ತನ್ನ ಸಮಯ ಬಂತೆಂದುಕೊಂಡಳು. ದನಿ ಮೆತ್ತಗೆ ಇರಲಿ ಎಂದು ಗಂಟಲು ಸರಿಮಾಡಿಕೊಂಡಳು.

"ಅದೆಲ್ಲ ಇರಲಿ ಸರ್. ಬುಡದಲ್ಲೇ ಒಂದು ವಿಷಯ ಇದೆ. ಗೋಳದ ಮಾಪಕದ ಸೊನ್ನೆ ಸರಿಯಿಲ್ಲ. ಪಾಯಿಂಟ್ ಮೂರು ಜಾಸ್ತಿ ತೋರಿಸ್ತಿದೆ. ಹಾಗಾಗಿ ಇವಳ ಅಂಕಿ ಅಷ್ಟೂ ಕೆಳಗೆ ಬಂದಿರಬೇಕು. ಪಾಪ, ಗೊತ್ತಾಗಿಲ್ಲ ಅವಳಿಗೆ."

ಹುಡುಗಿ ಗಾಬರಿಯಾಗಲಿಲ್ಲ. "ಹೂಂ ಅಕ್ಕಾ, ಅದು ಕೆಟ್ಟಿತ್ತು. ಬುಧವಾರ ಗೊತ್ತಾಯ್ತು. ಸೋಮವಾರ, ಮಂಗಳವಾರದ್ದೆಲ್ಲ ಎಸೆದು, ಬೇರೆ ಮಾಪಕ ಹಾಕಿ ಮತ್ತೆ ಮಾಡಿದೆ. ಈಗ ಮೂರು ಪಾಯಿಂಟ್ ನಾಲ್ಕು ಬರ್ತಿದೆ. ಹಳೇ ದಿನದ್ದನ್ನೂ ಅದೇ ಲೆಕ್ಕದಲ್ಲಿ ತಿದ್ದಿದ್ರೆ ಅಷ್ಟೇ." ಕೈಯಲ್ಲಿದ್ದ ಪುಟ್ಟ ಟಾರ್ಚನ್ನು ಗೋಳದ ಕತ್ತಿನ ಮೇಲೆ ಬಿಟ್ಟಳು. ಅಲ್ಲಿದ್ದದ್ದು ಬೇರೆಯೇ ಮಾಪಕ. ಬೇರೆ ಬಣ್ಣದ್ದು, ಚೌಕನೆಯದು. ಅವಳು ಒಳಗೆ ಬಂದವಳು ಅದರತ್ತ ಕಣ್ಣು ಕೂಡ ಹಾಯಿಸಿರಲಿಲ್ಲ.

ಟಾರ್ಚಿನ ಬೆಳಕು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಮೇಷ್ಟ್ರು ಕನ್ನಡಕದ ಒಳಗಿಂದ ಅವಳತ್ತ ತಿರುಗಿದರು. "ಹಳೇ ಮಾಪಕದ್ದು ನಿನಗೆ ಯಾವಾಗ ಕಾಣಿಸ್ತು?"

"ಯಾವಾಗ್ಲೋ... ಹಿಂದೆಯೂ ಒಂದ್ಸಲ ತೊಂದರೆ ಕೊಟ್ಟಿತ್ತಲ್ಲ ಅದು," ಎಂದಳು. ಕತ್ತಲೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡಳು, ಅದರ ಬೆನ್ನಲ್ಲೇ ಹಾಗೆ ಅಂದುಕೊಂಡದ್ದಕ್ಕೆ ನಾಚಿದಳು.

ಹುಡುಗಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳಿಗೆ ತೋರಿಸಬೇಕಾಗಿದ್ದದ್ದು ಇನ್ನೊಂದಿತ್ತು. "ಈಗ ನೋಡಿ ಸರ್. ಮೊದಲನೇ ಲೇಸರಿನ ಶಕ್ತಿ ಏರಿಸ್ತೀನಿ." ಗುಂಡಿ ತಿರುಗಿಸಿದಳು, ಕಡ್ಡಿ ಮುರಿಯುವ ಸದ್ದು ಗಡುಸಾಯಿತು. ಶಕ್ತಿ ಏರಿಸಿದ ಹಾಗೆ ಅಂಕಿಯೂ ಏರತೊಡಗಿತು. ಮೂರು ಪಾಯಿಂಟ್ ಏಳು. ನಾಲ್ಕು. ನಾಲ್ಕು ಪಾಯಿಂಟ್ ಐದು. "ಮಿಂಚು ಜೋರಾದ್ರೆ ಪೆರಾಕ್ಸೈಡ್ ಜೊತೆ ದ್ರಾವಕಾನೂ ಒಡೀತಿದೆ. ಆ ಚೂರುಗಳೂ ಅರೆಯಣುಗಳನ್ನ ತಿಂತಿವೆ. ನಾವು ಎಲ್ಲಾ ದ್ರಾವಕದ ತಲೆ ಮೇಲೆ ಹಾಕ್ತೀವಿ. ಅದಕ್ಕೇ ಇಲ್ಲಿ ಅಕ್ಕನ ಅಂಕಿ ಸಿಗತ್ತೆ." ಖುಷಿಯಿಂದ ಹೇಳಿದಳು, ಕಳೆದುಹೋದ ಒಡವೆ ಹುಡುಕಿಕೊಟ್ಟವಳಂತೆ. "ಅಕ್ಕನ ಅಳತೆ ಸರಿಯಾಗೇ ಇದೆ ಸರ್. ಬರೀ ಮಿಂಚು ಜಾಸ್ತಿ."

ಅವಳು ಪಕ್ಕದ ಮೇಜಿನ ಅಂಚು ಹಿಡಿದುಕೊಂಡಳು. ತಪ್ಪೆಂದು ತಿಳಿದದ್ದರಿಂದ ಅಲ್ಲ. ಇದು ತನಗೆ ಹೊಸ ವಿಷಯವಲ್ಲ ಎಂಬುದರಿಂದ.

ಊಟದ ಹೊತ್ತಿಗೆ ಮೇಷ್ಟ್ರನ್ನು ಕೆಳಗೆ ಕರೆದುಕೊಂಡು ಬಂದಳು. ಟ್ಯಾಕ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ರಸ್ತೆಯಾಚೆ ಒಬ್ಬಾತ ಅಂಗಡಿಯ ಗಾಜನ್ನು ಉದ್ದ ಕೋಲಿನಿಂದ ಒರೆಸುತ್ತಿದ್ದ. ಎಷ್ಟು ಒರೆಸಿದರೂ ಮೇಲಿನ ಒಂದು ಮೂಲೆಗೆ ಕೈ ನಿಲುಕುತ್ತಿರಲಿಲ್ಲ. ಅವಳು ಅದನ್ನೇ ನೋಡುತ್ತಾ ಕೂತಿದ್ದಳು.

"ನಿನ್ನ ನೋಟ್‌ಬುಕ್ಕಲ್ಲಿ ಒಂಬತ್ತು ಚುಕ್ಕೆ ಇದ್ವು," ಎಂದರು ಮೇಷ್ಟ್ರು. "ಪ್ರಬಂಧದಲ್ಲಿ ಬಿಟ್ಟುಬಿಟ್ಟಿದ್ದೆ."

ಅವಳು ತಲೆ ತಿರುಗಿಸಲಿಲ್ಲ. ಅದು ಯಾರಿಗೂ ಗೊತ್ತಿಲ್ಲ ಎಂದೇ ಅವಳು ಇಷ್ಟು ವರ್ಷ ಬದುಕಿದ್ದು. ಮೂರು ದಿನ ಲೇಸರಿನ ಅನಿಲ ಹಳಸಿ ಅದು ಮಂಕಾಗಿತ್ತು. ಆ ಮಂಕಿನಲ್ಲೇ ಹಟಹಿಡಿದು ಅಳೆದಿದ್ದಳು. ಒಂಬತ್ತು ಚುಕ್ಕೆ, ಒಂಬತ್ತೂ ಮೂರೂವರೆಯ ಸುತ್ತ. ನಾಲ್ಕನೆಯ ದಿನ ಹೊಸ ಅನಿಲ ತುಂಬಿದಳು. ಅಂಕಿ ಜಿಗಿದು ನಾಲ್ಕು ಪಾಯಿಂಟ್ ಆರಕ್ಕೆ ಬಂತು. ಅದು ಮೇಷ್ಟ್ರು ಬಾಯಲ್ಲಿ ಅಂದಾಜು ಮಾಡಿ ಹೇಳಿದ್ದ ನಾಲ್ಕೂವರೆಗೆ ಎಷ್ಟು ಹತ್ತಿರವಿತ್ತು! ಒಂಬತ್ತರ ಪಕ್ಕದಲ್ಲಿ 'ಲೇಸರಿಗೆ ಹುಷಾರಿಲ್ಲ' ಎಂದು ಬರೆದು ಪುಟ ಮಗುಚಿದ್ದಳು. ಮಗುಚುವಾಗ ಒಂದು ಅನುಮಾನ ಬಂದಿತ್ತು. ಮಂಕಾದ ಲೇಸರಿನಲ್ಲಿ ಚುಕ್ಕೆಗಳು ಚೆದುರಬೇಕು, ಹೀಗೆ ಒಟ್ಟಿಗೆ ಒಂದೆಡೆ ಯಾಕೆ ಕೂರುತ್ತವೆ? ಆ ಅನುಮಾನವನ್ನೂ ಪುಟದ ಜೊತೆಗೇ ಮಗುಚಿದ್ದಳು.

"ನಿಮಗೆ ಆಗಲೇ ಗೊತ್ತಿತ್ತಾ?"

"ಏನೋ ಹುಡುಕ್ತಾ ಪುಟ ತಿರುವಿದೆ, ಕಣ್ಣಿಗೆ ಬಿತ್ತು."

"ಹೇಳಬಹುದಿತ್ತಲ್ಲ ಸರ್. ಬೈಬಹುದಿತ್ತು. ಅವಳಿಗೆ ಬೈತೀರಿ."

ಮೇಷ್ಟ್ರು ಕೋಲಿನ ತುದಿಯಿಂದ ನೆಲ ಗೀಚಿದರು. "ಅವಳಿಗೆ ಬೈದ್ರೆ ತಿರುಗಿ ಅಂತಾಳೆ, ಆಮೇಲೆ ತಿದ್ಕೊಂಡು ಬರ್ತಾಳೆ. ನೀನು ಬೇರೆ ಥರ ಇದ್ದೆ. ಬೈದಿದ್ರೆ ಮುಖ ಇಷ್ಟು ಮಾಡ್ಕೊಂಡು ನಾಲ್ಕು ದಿನ ಊಟ ಬಿಡ್ತಿದ್ದೆ. ನಂಗೆ ಭಯ ಆಗ್ತಿತ್ತು." ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಅದೊಂದೇ ಅಲ್ಲ. ನಾಲ್ಕೂವರೆ ನಾನು ಹೇಳಿದ್ದು. ನಿನ್ನ ಅಂಕಿ ನನ್ನ ಬಾಯಿಗೂ ಸಿಹಿಯಾಗಿತ್ತು."

ಗಾಜು ಒರೆಸುವವನು ಬಕೆಟ್ಟು ಎತ್ತಿಕೊಂಡು ಹೊರಟುಹೋದ. ಅಂದರೆ ಆ ಆರು ವರ್ಷ, ಎರಡೂ ಕೈಯಲ್ಲಿ ಹಿಡಿದುಕೊಟ್ಟ ಆ ಕಾಗದಗಳು, ಆ 'ಚೆನ್ನಾಗಿದೆ ಕಣಮ್ಮಾ'ಗಳು ಮೆಚ್ಚುಗೆಯಲ್ಲ, ಜೋಪಾನ. ಜೊತೆಯವರನ್ನೆಲ್ಲ ಅವರು ಕೆಲಸ ಮಾಡಬಲ್ಲವರೆಂದು ಬೈದರು. ತನ್ನನ್ನು ಮಾತ್ರ ಕಾಯಿಲೆಯವಳಂತೆ ನೋಡಿಕೊಂಡರು. ಅವಳಿಗೆ ಅಳು ಬರಲಿಲ್ಲ. ಹೊಟ್ಟೆಯಲ್ಲಿ ಮೆಣಸು ಅರೆದಂತೆ ಉರಿಯಿತು, ಮೂರನೆಯ ಮಹಡಿಯಲ್ಲಿ ಈಗಲೂ ಬೈಸಿಕೊಂಡ ಖುಷಿಯಲ್ಲಿ ಇರಬಹುದಾದ ಆ ಹುಡುಗಿಯನ್ನು ನೆನೆದು.

ಟ್ಯಾಕ್ಸಿ ಬಂತು. ಕಾಲು ಒಳಗಿಟ್ಟುಕೊಳ್ಳುತ್ತಾ ಮೇಷ್ಟ್ರು ಕಿಟಕಿಯಿಂದ ತಗ್ಗಿದ ದನಿಯಲ್ಲಿ ಹೇಳಿದರು: "ಮಾಪಕದ್ದು ನೀನು ಮೊದಲೇ ನೋಡಿದ್ದೆ, ಅಲ್ವಾ? ಇರಲಿ ಬಿಡು. ನಾನೇನೂ ಕೇಳ್ಲಿಲ್ಲ ಅಂದ್ಕೋ. ಅವಳಿಗೂ ಹೇಳಲ್ಲ."

ಅವಳು ಬಾಗಿಲು ಹಿಡಿದು ನಿಂತೇ ಇದ್ದಳು. ಇಷ್ಟಾದ ಮೇಲೂ! ಈಗಲಾದರೂ ಗದರಬಾರದಿತ್ತೇ, ಕೋಲೆತ್ತಬಾರದಿತ್ತೇ, ನಾಚಿಕೆಯಾಗಲ್ವಾ ಎನ್ನಬಾರದಿತ್ತೇ? ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಗೇಟಿನ ಬಳಿ ನಿಂತು, ನನಗೆ ಯಾರೂ ಬೈಯಲಿಲ್ಲ ಎಂದು ಸಂಕಟಪಡುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಹಳೆಯ ನೋಟ್‌ಬುಕ್ಕು ಅಲಮಾರಿನ ಕೆಳಗಿನ ಖಾನೆಯಲ್ಲಿತ್ತು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳು ಅಲ್ಲೇ ನೆಲದ ಮೇಲೆ ಕೂತು ಬಿಡಿಸಿದಳು. ಒಂಬತ್ತು ಚುಕ್ಕೆ, ತನ್ನ ಮೂವತ್ತರ ವಯಸ್ಸಿನ ಗುಂಡಗಿನ ಅಕ್ಷರ. ಪುಸ್ತಕವನ್ನು ಮಡಚದೆ, ಆ ಪುಟದಲ್ಲಿ ಬೆರಳಿಟ್ಟುಕೊಂಡೇ, ಕಾರಿಡಾರು ದಾಟಿ ಹುಡುಗಿಯ ಬಾಗಿಲು ತಟ್ಟಿದಳು. ಯಾಕೆ ಹೋಗುತ್ತಿದ್ದೇನೆ ಎಂದು ಕೇಳಿಕೊಂಡಿದ್ದರೆ ಹೋಗುತ್ತಿರಲಿಲ್ಲವೇನೋ. ಅದರಲ್ಲಿ ಒಳ್ಳೆಯತನ ಎಷ್ಟಿತ್ತು, ಮೇಷ್ಟ್ರ ಜೋಪಾನವನ್ನು ಅವರ ಮುಖಕ್ಕೇ ವಾಪಸು ಎಸೆಯುವ ಹಟ ಎಷ್ಟಿತ್ತು ಎಂದು ಅವಳಿಗೇ ತಿಳಿಯಲಿಲ್ಲ.

ಹುಡುಗಿ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಡಬ್ಬಿ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು ಪುಟ ನೋಡಿದಳು. ಒಮ್ಮೆ ನೋಡಿದಳು, ಬೆರಳಿಟ್ಟು ಇನ್ನೊಮ್ಮೆ ಎಣಿಸಿದಳು. ಶಕ್ತಿಯ ಕಾಲಂ ನೋಡಿದಳು. ಆಮೇಲೆ ಸ್ಟೂಲಿನಿಂದ ಧುಮುಕಿ ಅವಳ ಎರಡೂ ತೋಳು ಹಿಡಿದುಕೊಂಡಳು.

"ಅಕ್ಕಾ! ಇದು ನನ್ನ ಅಂಕೀನೇ! ನೀವು ಹತ್ತೊಂಬತ್ತು ವರ್ಷ ಮುಂಚೆನೇ ಹಿಡಿದಿದ್ರಿ ಇದನ್ನ! ಇಬ್ಬರ ಹೆಸರಲ್ಲೂ ಬರೆಯೋಣ ಅಕ್ಕಾ. ನಿಮ್ಮ ಹೆಸರು ಮೊದಲು."

ಆ ಕೈಗಳು ಬೆಚ್ಚಗಿದ್ದವು. ಇಲ್ಲಿಗೆ ನಿಲ್ಲಿಸಬಹುದಿತ್ತು. ಮೇಷ್ಟ್ರು ಹೇಳುವುದಿಲ್ಲ. ಹುಡುಗಿ ಕೇಳುವುದಿಲ್ಲ. ಹೆಸರು ಮೊದಲು ಬರುತ್ತದೆ.

"ನಿಲ್ಲು," ಎಂದಳು. "ಆ ಮಾಪಕ ನಾನು ಸೋಮವಾರವೇ ನೋಡಿದ್ದೆ. ಅಲೆನ್ ಕೀಗೆ ಬಂದಾಗ. ಪಾಯಿಂಟ್ ಮೂರು ತೋರಿಸ್ತಿತ್ತು. ಬೇಕಂತಲೇ ಹೇಳ್ಲಿಲ್ಲ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಹಿಂದಿನ ಮಾತಿನದ್ದು. "ಸೋಮವಾರ... ನಾನು ತುಂಬೋಕೆ ಮುಂಚೆ?"

"ಮುಂಚೆ."

"ಯಾಕೆ?"

ಉತ್ತರಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಎಲ್ಲವನ್ನೂ ಬಿಟ್ಟಳು. "ಹೊಟ್ಟೆಕಿಚ್ಚು," ಎಂದಳು. ಆ ಮಾತು ಕೋಣೆಯಲ್ಲಿ ತೀರ ಚಿಕ್ಕದಾಗಿ ಕೇಳಿಸಿತು.

ಹುಡುಗಿ ಅವಳ ತೋಳು ಬಿಟ್ಟಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬಿಟ್ಟಳು. ಗೋಳದ ಹತ್ತಿರ ಹೋಗಿ, ಪಕ್ಕದಲ್ಲಿ ನೇತುಹಾಕಿದ್ದ ದ್ರಾವಕದ ಪುಟ್ಟ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಒಂದೆರಡು ಹನಿ. "ಆ ಎರಡು ದಿನದಲ್ಲಿ ಅರ್ಧ ಖರ್ಚಾಯ್ತು," ಎಂದಳು. "ಅಪ್ಪಂಗೆ ಆಪರೇಷನ್ ಆದ ವಾರಾನೂ ಬಂದು ಶುದ್ಧ ಮಾಡಿದ್ದೆ ಇದನ್ನ." ಅಷ್ಟೇ. ಹುಡುಗಿ ಬೈಯಲೆಂದು ಅವಳು ಕಾದಳು. ಎಷ್ಟು ಬೈದರೂ ನಿಂತು ಕೇಳಬೇಕೆಂದು ಕಾಲುಗಳನ್ನು ಊರಿ ನಿಂತಳು. ಹುಡುಗಿ ಬೈಯಲಿಲ್ಲ. ಕೊಳವೆಯನ್ನು ಇದ್ದಲ್ಲಿಯೇ ತೂಗುಹಾಕಿ, ಮೊಸರನ್ನದ ಡಬ್ಬಿಗೆ ಮುಚ್ಚಳ ಒತ್ತಿ, ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಜೋಪಾನವಾಗಿ ಇಟ್ಟಳು.

"ಇದರ ಪ್ರತಿ ತೆಗೆದು ವಾಪಸ್ ಕೊಡ್ತೀನಿ ಮೇಡಂ," ಎಂದಳು.

ಮೇಡಂ. ಮೊದಲು ಅವಳಿಗೆ ಅದು ಯಾರಿಗೆ ಹೇಳಿದ್ದೆಂದೇ ತಿಳಿಯಲಿಲ್ಲ.

"ಪೇಪರು ಬರೆಯೋಣ," ಹುಡುಗಿ ಮುಂದುವರಿಸಿದಳು, ಪರದೆಯತ್ತ ಮುಖ ಮಾಡಿ. "ನಿಮ್ಮ ಚುಕ್ಕೆಗಳು ಬೇಕೇ ಬೇಕು. ಉಳಿದಿರೋ ಸರಕಲ್ಲಿ ಇನ್ನು ಮೂರು ಸಲ ಅಳೀಬಹುದು. ಇಬ್ಬರಿದ್ರೆ ಬೇಗ ಆಗತ್ತೆ. ನೀವು ಶಕ್ತಿ ಓದಿ ಹೇಳಿ, ನಾನು ಬರ್ಕೋತೀನಿ."

ಅವಳು ಕನ್ನಡಕ ಹಾಕಿಕೊಂಡು ಶಕ್ತಿಯ ಮೀಟರಿನ ಮುಂದೆ ಕೂತಳು. ದೀಪ ಆರಿತು. ಕಡ್ಡಿ ಮುರಿಯುವ ಸದ್ದು ಶುರುವಾಯಿತು. ಅವಳು ಅಂಕಿ ಓದಿದಳು, ಹುಡುಗಿ ಬರೆದುಕೊಂಡಳು, ಓದಿದಳು, ಬರೆದುಕೊಂಡಳು. ನಡುವೆ ಬೇಡದ ಮಾತಿಲ್ಲ. ಎರಡನೆಯ ಅಳತೆ ಮುಗಿಯುವ ಹೊತ್ತಿಗೆ ಬಾಗಿಲ ಪರದೆ ಸರಿಸಿ ಕೆಳಮಹಡಿಯ ಗಾಜು ಊದುವ ಮುದುಕ ತಲೆ ಹಾಕಿದ. ಕೈಯಲ್ಲಿ ರದ್ದಿ ಕಾಗದದಲ್ಲಿ ಸುತ್ತಿದ ಹೊಸ ಕೊಳವೆ.

"ಬನ್ನಿ ಮಾಮಾ!" ಎಂದಳು ಹುಡುಗಿ. ದನಿ ಮೊದಲಿನ ದನಿಯೇ, ಎಲ್ಲೂ ಒಡೆದಿರಲಿಲ್ಲ. "ಎಷ್ಟು ದಿನ ಮಾಡ್ತೀರಿ ಮಾಮಾ ಒಂದು ಕೊಳವೆಗೆ? ನಿಮ್ಮನ್ನ ನಂಬ್ಕೊಂಡ್ರೆ ನಾನು ಮುದುಕಿ ಆಗ್ತೀನಿ ಅಷ್ಟೆ!"

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಕತ್ತಲಲ್ಲಿ, ಮೀಟರಿನ ಕೆಂಪು ಅಂಕಿಗಳ ಮುಂದೆ, ಅವಳು ಬೈಸಿಕೊಂಡು ನಗುತ್ತಿದ್ದ ಆ ಮುದುಕನ ಮುಖವನ್ನೇ ನೋಡಿದಳು. ಹೊಟ್ಟೆಯಲ್ಲಿ ಅದೇ ಉರಿ, ಅದೇ ಜಾಗದಲ್ಲಿ, ಸುಮ್ಮನೆ ಆಸಾಮಿ ಬದಲಿಸಿಕೊಂಡು ಎದ್ದಿತು.

"ಮೇಡಂ, ಶಕ್ತಿ ಎಷ್ಟು?" ಎಂದು ಹುಡುಗಿ ಕೇಳಿದಳು.

ಅವಳು ಮುಂದಕ್ಕೆ ಬಾಗಿ, ಮೀಟರು ನಿಲ್ಲುವವರೆಗೂ ಕಾದು, ಕಂಡದ್ದನ್ನು ಕಂಡ ಹಾಗೆ ಓದಿ ಹೇಳಿದಳು.